ಮಹಾನಗರದ ಕಾರು ಸಂಚಾರ: ಬೇಡಿಕೆ ನಿರ್ವಹಣೆ ಬೆಳೆದ ಬಗೆ

ಸಂಚಾರ ಬೇಡಿಕೆ ನಿರ್ವಹಣೆ ಎಂದರೆ ರಸ್ತೆಯನ್ನು ಹಿಗ್ಗಿಸುವ ಬದಲು ಕಾರಿನ ಓಡಾಟವನ್ನೇ ತಗ್ಗಿಸುವ, ಬೇರೆ ವೇಳೆಗೋ ಬೇರೆ ವಾಹನಕ್ಕೋ ತಿರುಗಿಸುವ ಕ್ರಮಗಳ ಸಮೂಹ. ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ನಗರಗಳು ಹಿಡಿದದ್ದು ಇದಕ್ಕೆ ವಿರುದ್ಧವಾದ ದಾರಿ. 1950ರ ದಶಕದಲ್ಲಿ ಡೆಟ್ರಾಯಿಟ್, ಶಿಕಾಗೊಗಳ ಯೋಜಕರು ಮುಂದಿನ ವರ್ಷಗಳ ವಾಹನ ಸಂಚಾರವನ್ನು ಅಂದಾಜಿಸಿ, ಅದಕ್ಕೆ ತಕ್ಕ ಹೆದ್ದಾರಿಗಳನ್ನು ಸೂಚಿಸಿದರು. ಈ ಲೆಕ್ಕಾಚಾರದ ಮಿತಿಯನ್ನು 1962ರಲ್ಲಿ ಅರ್ಥಶಾಸ್ತ್ರಜ್ಞ ಆಂಥನಿ ಡೌನ್ಸ್ ತೋರಿಸಿಕೊಟ್ಟರು: ಹೊಸ ರಸ್ತೆ ತೆರೆದೊಡನೆ ಬೇರೆ ದಾರಿಯಲ್ಲಿ, ಬೇರೆ ವೇಳೆಯಲ್ಲಿ, ಬಸ್ಸು ರೈಲುಗಳಲ್ಲಿ ಹೋಗುತ್ತಿದ್ದವರು ಅಲ್ಲಿಗೇ ಬರುತ್ತಾರೆ, ದಟ್ಟಣೆ ಮರಳುತ್ತದೆ. ದಟ್ಟಣೆಯ ವೇಳೆ ರಸ್ತೆ ಬಳಕೆಗೆ ಬೆಲೆ ವಿಧಿಸಬೇಕೆಂದು ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ ಆಗಲೇ ವಾದಿಸುತ್ತಿದ್ದರು. ಬ್ರಿಟನ್ನಿನ ಸ್ಮೀಡ್ ವರದಿ (1964) ಅದು ಕಾರ್ಯಸಾಧ್ಯ ಎಂದಿತು.

1973ರ ತೈಲ ಬಿಕ್ಕಟ್ಟಿನ ಬಳಿಕ ಅಮೆರಿಕದಲ್ಲಿ ಕಾರ್‌ಪೂಲ್, ಕಂಪನಿ ವ್ಯಾನು, ಹೆಚ್ಚು ಜನರಿರುವ ವಾಹನಗಳಿಗೆ ಪ್ರತ್ಯೇಕ ಪಥ ಇವು ಹಬ್ಬಿದವು. 1980ರ ದಶಕದ ಕೊನೆಗೆ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ 100 ಅಥವಾ ಅದಕ್ಕಿಂತ ಹೆಚ್ಚು ನೌಕರರಿದ್ದ ಸಂಸ್ಥೆಗಳು ಒಂಟಿ ಸವಾರರ ಕಾರುಗಳನ್ನು ಕಡಿಮೆ ಮಾಡುವ ಯೋಜನೆ ಸಲ್ಲಿಸಬೇಕಾಯಿತು. ಆದರೆ ಕಚೇರಿಯಲ್ಲಿ ಪಾರ್ಕಿಂಗ್ ಪುಕ್ಕಟೆಯಾಗಿರುವ ತನಕ ಪ್ರೋತ್ಸಾಹಕ್ಕೆ ಬಲವಿಲ್ಲ. ನಗರ ಯೋಜನಾ ಸಂಶೋಧಕ ಡೊನಾಲ್ಡ್ ಶೂಪ್ ಅವರ ಅಧ್ಯಯನಗಳು ಎತ್ತಿ ತೋರಿದ್ದು ಇದನ್ನೇ. ಪಾರ್ಕಿಂಗ್ ಜಾಗ ಬೇಡವೆಂದ ನೌಕರನಿಗೆ ಅದರ ಬೆಲೆಯನ್ನು ನಗದಾಗಿ ಕೊಡುವ ಕಾನೂನು 1992ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬಂದಿತು.

ಬೆಲೆಯ ಸೂತ್ರವನ್ನು ಮೊದಲು ಬೀದಿಗಿಳಿಸಿದ್ದು ಸಿಂಗಪುರ. 1975ರ ಜೂನ್‌ನಿಂದ ಬೆಳಗಿನ ದಟ್ಟಣೆಯಲ್ಲಿ ನಗರಕೇಂದ್ರ ಪ್ರವೇಶಿಸುವ ಕಾರಿಗೆ ದಿನಕ್ಕೆ 3 ಸಿಂಗಪುರ ಡಾಲರ್‌ನ ಪರವಾನಗಿ ಬೇಕಾಯಿತು. ನಾಲ್ವರಿದ್ದ ಕಾರಿಗೆ ವಿನಾಯಿತಿ. 9.30 ದಾಟಿದ ಕೂಡಲೇ ಕಾರುಗಳು ನುಗ್ಗತೊಡಗಿದ್ದರಿಂದ ಅವಧಿಯನ್ನು 10.15ರವರೆಗೆ ಚಾಚಬೇಕಾಯಿತು. 1990ರಲ್ಲಿ ಹೊಸ ವಾಹನಗಳ ನೋಂದಣಿಗೇ ಮಿತಿ ಬಂತು, 1998ರಲ್ಲಿ ವಸೂಲಿ ವಿದ್ಯುನ್ಮಾನವಾಯಿತು.

ಬೆಲೆಯಿಲ್ಲದ ನಿಷೇಧದ ಕಥೆ ಬೇರೆ. ಮೆಕ್ಸಿಕೊ ನಗರ 1989ರಲ್ಲಿ ನಂಬರ್ ಪ್ಲೇಟಿನ ಕೊನೆಯ ಅಂಕಿ ನೋಡಿ ಪ್ರತಿ ಕಾರನ್ನೂ ವಾರಕ್ಕೊಂದು ದಿನ ನಿಲ್ಲಿಸಿತು; ಅನೇಕ ಕುಟುಂಬಗಳು ಇನ್ನೊಂದು ಕಾರು ಕೊಂಡು ಅದರಿಂದ ನುಣುಚಿಕೊಂಡವು. ದೆಹಲಿ 2016ರಲ್ಲಿ ಸಮ-ಬೆಸ ಪದ್ಧತಿಯನ್ನು ಅಲ್ಪಾವಧಿಗಷ್ಟೇ ನಡೆಸಿತು.

ಲಂಡನ್ 2003ರ ಫೆಬ್ರವರಿಯಲ್ಲಿ ನಗರಕೇಂದ್ರ ಪ್ರವೇಶಿಸುವ ಕಾರುಗಳಿಗೆ 5 ಪೌಂಡ್ ಶುಲ್ಕ ಆರಂಭಿಸಿ, ಜೊತೆಗೇ ಬಸ್ಸುಗಳನ್ನು ಹೆಚ್ಚಿಸಿತು. ಸ್ಟಾಕ್‌ಹೋಮ್ 2006ರ ಮೊದಲ ಏಳು ತಿಂಗಳು ಪ್ರಯೋಗ ನಡೆಸಿದಾಗ ಶುಲ್ಕವಲಯದ ಗಡಿ ದಾಟುವ ವಾಹನಗಳು ಸುಮಾರು ಶೇ 20ರಷ್ಟು ಇಳಿದವು. ಮೊದಲು ವಿರೋಧಿಸಿದ್ದ ನಗರವಾಸಿಗಳು ಫಲ ಕಂಡಮೇಲೆ ಜನಮತಗಣನೆಯಲ್ಲಿ ಒಪ್ಪಿದರು. 2007ರಲ್ಲಿ ಶುಲ್ಕ ಕಾಯಂ ಆಯಿತು. ನ್ಯೂಯಾರ್ಕ್ 2025ರ ಜನವರಿಯಲ್ಲಿ ಮ್ಯಾನ್‌ಹಟನ್‌ನ 60ನೇ ಬೀದಿಯ ದಕ್ಷಿಣಕ್ಕೆ ಶುಲ್ಕ ವಿಧಿಸಿ, ಆದಾಯವನ್ನು ಸಮೂಹ ಸಾರಿಗೆಗೆ ಮೀಸಲಿಟ್ಟಿತು.

ಬೆಂಗಳೂರಿನ ಪ್ರಯತ್ನಗಳು ಹೆಚ್ಚಾಗಿ ಪರ್ಯಾಯ ಒದಗಿಸುವ ಬದಿಗಿವೆ: 2011ರಿಂದ ಮೆಟ್ರೊ, 2019ರಲ್ಲಿ ಹೊರವರ್ತುಲ ರಸ್ತೆಯ ಬಸ್ ಪಥ. ಏಳು ದಶಕಗಳ ಅನುಭವದಲ್ಲಿ ಈ ಕ್ಷೇತ್ರ ತಲುಪಿರುವ ನಿಲುವು ಇದು: ಬರೀ ಪ್ರೋತ್ಸಾಹದಿಂದ ಕಾರು ಮನೆಯಲ್ಲಿ ಉಳಿಯದು, ಬರೀ ನಿಷೇಧಕ್ಕೆ ಜನ ಅಡ್ಡದಾರಿ ಹುಡುಕುತ್ತಾರೆ, ಬೆಲೆ, ಪಾರ್ಕಿಂಗ್ ಮಿತಿ ಮತ್ತು ನಂಬಬಹುದಾದ ಸಮೂಹ ಸಾರಿಗೆ ಒಟ್ಟಿಗೆ ಬಂದಲ್ಲಿ ಫಲ ನಿಲ್ಲುತ್ತದೆ.