ಭಂಗಿಯ ಸಹವಾಸದಲ್ಲಿ ಮೆಣಸು

ಕನ್ನಡದಲ್ಲಿ ‘ಮೆಣಸು’ ಎಂಬ ಮಾತು ಬಹು ಹಳೆಯದು. ‘ಮೆಣಸಿನಕಾಯಿ’ ಅದಕ್ಕೆ ಹೋಲಿಸಿದರೆ ನಿನ್ನೆ ಮೊನ್ನೆಯದು. ಅಮೆರಿಕಾ ಖಂಡದ ಈ ಕಾಯಿ ಪೋರ್ಚುಗೀಸರ ಹಡಗುಗಳಲ್ಲಿ ನಮ್ಮ ಕರಾವಳಿಗೆ ಬಂದಿಳಿದಾಗ ಜನ ಅದಕ್ಕೆ ಹೊಸ ಹೆಸರನ್ನು ಹುಡುಕಲಿಲ್ಲ. ಖಾರವೆಂದರೆ ಮೆಣಸು, ಇದೂ ಖಾರ, ಆದ್ದರಿಂದ ಇದು ಮೆಣಸಿನ ಕಾಯಿ ಎಂದರು. ಕಾಲಕ್ರಮದಲ್ಲಿ ಬಂದವನೇ ಮನೆಯ ಯಜಮಾನನಾದ. ನಿಜವಾದ ಮೆಣಸು ‘ಕರಿಮೆಣಸು’, ‘ಕಾಳುಮೆಣಸು’ ಎಂದು ವಿಶೇಷಣವನ್ನು ಹೊತ್ತುಕೊಂಡು ಪಕ್ಕಕ್ಕೆ ಸರಿಯಬೇಕಾಯಿತು.

ಈ ಕಾಳಿನ ಹಿಂದಿನ ವೈಭವವನ್ನು ಕೇಳುಗರು ಬಲ್ಲರು. ಕ್ರಿ. ಶ. 408ರಲ್ಲಿ ರೋಮ್ ನಗರವನ್ನು ಮುತ್ತಿದ ಗಾಥರ ದೊರೆ ಅಲಾರಿಕನು ಬೆಳ್ಳಿ ಬಂಗಾರಗಳ ಜೊತೆಗೆ ಮೂರು ಸಾವಿರ ಪೌಂಡು ಮೆಣಸನ್ನೂ ಕಪ್ಪವಾಗಿ ಪಡೆದನು. ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದೇ ಕರೆದರು. ಆದರೆ ಇಂದು ನಾನು ಹೇಳಹೊರಟಿರುವುದು ಮೆಣಸಿನ ವ್ಯಾಪಾರದ ಕಥೆಯನ್ನಲ್ಲ; ಅದರ ಒಂದು ವಿಚಿತ್ರ ಸಹವಾಸದ ಕಥೆಯನ್ನು.

ಭಂಗಿಯ ಗಿಡದ ಸೇವನೆಯನ್ನು ಕೆನಡಾ 2018ರಲ್ಲಿಯೂ ಜರ್ಮನಿ 2024ರಲ್ಲಿಯೂ ಕೆಲವು ಕಟ್ಟುಪಾಡುಗಳೊಡನೆ ವಯಸ್ಕರಿಗೆ ಕಾನೂನುಸಮ್ಮತಗೊಳಿಸಿದವು. ಇಂಥ ಸೇವನೆ ಮಾಡುವವರಿಗೆಂದೇ ಮೆಣಸಿನ ಸತ್ತ್ವವನ್ನು ಗುಳಿಗೆಗಳಾಗಿ ಮಾಡಿ ಮಾರುವುದೂ ಉಂಟು. ಈ ಮಾರಾಟದ ಮಾತಿನಲ್ಲಿ ಎರಡು ಭರವಸೆಗಳಿವೆ. ಒಂದು, ಮೆಣಸು ಭಂಗಿಯ ಗುಣವನ್ನು ಹೆಚ್ಚಿಸುತ್ತದೆ ಎಂಬುದು. ಇನ್ನೊಂದು, ಅಮಲು ಮಿತಿಮೀರಿ ಭಯ ಕಳವಳಗಳು ಹುಟ್ಟಿದಾಗ ಮೆಣಸು ಅದನ್ನು ಶಮನ ಮಾಡುತ್ತದೆ ಎಂಬುದು. ಏರಿಸುವುದೂ ಇಳಿಸುವುದೂ ಒಂದೇ ಕಾಳಿನಿಂದ ಸಾಧ್ಯವೆ? ಈ ಪ್ರಶ್ನೆಗೆ ಉತ್ತರವನ್ನು ಅರಸುವವರು ಮೊದಲು ನಮ್ಮ ದೇಶದ ಇತಿಹಾಸವನ್ನೇ ನೋಡಬೇಕು.

ಒಂದೇ ಗಿಡದ ಸೊಪ್ಪು ಭಂಗಿ, ಹೂತೆನೆ ಗಾಂಜಾ, ಅಂಟು ಚರಸ್ಸು. ಸಂಸ್ಕೃತ ವೈದ್ಯಗ್ರಂಥಗಳು ಇದನ್ನು ‘ವಿಜಯಾ’ ಎಂದು ಕರೆದಿವೆ. ಶಾರ್ಙ್ಗಧರ ಸಂಹಿತೆಯಲ್ಲಿ ಬರುವ ಜಾತೀಫಲಾದಿ ಚೂರ್ಣವನ್ನು ಗಮನಿಸಿ. ಜಾಯಿಕಾಯಿ, ಲವಂಗ, ಏಲಕ್ಕಿಗಳೊಡನೆ ಶುಂಠಿ, ಹಿಪ್ಪಲಿ, ಮೆಣಸು ಎಂಬ ತ್ರಿಕಟುವಿನ ಮೂರೂ ಅದರಲ್ಲಿವೆ. ಜೊತೆಗೆ ಭಂಗಿಯೂ ಇದೆ. ಇಲ್ಲಿ ಮೆಣಸು ಅಮಲಿನ ಸಂಗಾತಿಯಾಗಿ ಬಂದದ್ದಲ್ಲ. ಜಠರಾಗ್ನಿಯನ್ನು ಚುರುಕುಗೊಳಿಸಿ, ಮದ್ದನ್ನು ದೇಹಕ್ಕೆ ಹೊಂದಿಸುವ ಸಹಾಯಕನಾಗಿ ಬಂದದ್ದು.

1563ರಲ್ಲಿ ಗೋವೆಯಲ್ಲಿ ಅಚ್ಚಾದ ಗಾರ್ಸಿಯ ದ ಓರ್ತನ ಸಂವಾದಗ್ರಂಥದಲ್ಲಿ ಭಂಗಿಗೂ ಮೆಣಸಿಗೂ ಬೇರೆ ಬೇರೆ ಅಧ್ಯಾಯಗಳಿವೆ. ಗುಜರಾತಿನ ಸುಲ್ತಾನ ಬಹಾದೂರನು ರಾತ್ರಿಯ ವೇಳೆ ಪೋರ್ಚುಗಲ್ಲು, ತುರ್ಕಿ, ಅರೇಬಿಯಾಗಳಿಗೆ ಹೋಗಬೇಕೆನಿಸಿದರೆ ಸ್ವಲ್ಪ ಭಂಗಿಯನ್ನು ತಿಂದರೆ ಸಾಕು ಎನ್ನುತ್ತಿದ್ದನಂತೆ. ಓರ್ತನು ಈ ಸಂಗತಿಯನ್ನು ನಗುನಗುತ್ತಲೇ ದಾಖಲಿಸಿದ್ದಾನೆ.

ಇವೆರಡರ ಜೊತೆಯನ್ನು ಅಳತೆಸಮೇತ ಬರೆದಿಟ್ಟವನು ಐರ್ಲೆಂಡಿನ ವೈದ್ಯ ಓ’ಶಾನೆಸ್ಸಿ. ನಮ್ಮ ದೇಶದಲ್ಲಿ ತಂತಿ ವ್ಯವಸ್ಥೆಯನ್ನು ಹಾಕಿಸಿದವನೂ ಇವನೇ. ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿ ಅಧ್ಯಾಪಕನಾಗಿದ್ದ ಈತ 1839ರಲ್ಲಿ ಭಂಗಿಯ ಬಗ್ಗೆ ಒಂದು ದೀರ್ಘ ಪ್ರಬಂಧವನ್ನು ಮಂಡಿಸಿದ. ಸುಮಾರು ಮೂರು ತೊಲ ಸೊಪ್ಪನ್ನು ತಣ್ಣೀರಿನಲ್ಲಿ ಚೆನ್ನಾಗಿ ತೊಳೆದು ಅರೆಯಬೇಕು. ಕರಿಮೆಣಸು, ಸೌತೆ ಮತ್ತು ಕರ್ಬೂಜದ ಬೀಜ, ಸಕ್ಕರೆ, ಹಾಲು, ನೀರುಗಳನ್ನು ಬೆರೆಸಬೇಕು. ರೂಢಿಯುಳ್ಳವನಿಗೆ ಇಷ್ಟು ಸಾಕು, ಹೊಸಬನಿಗೆ ಅದರ ಅರ್ಧವೇ ಸಾಕು ಎಂದು ಅವನು ಬರೆದ. ಉತ್ತರ ಹಿಂದೂಸ್ತಾನದಲ್ಲಿ ಶಿವರಾತ್ರಿ, ಹೋಳಿಗಳಂದು ಮಾಡುವ ಠಂಡಾಯಿಯ ರೂಪ ಇಂದಿಗೂ ಹೆಚ್ಚುಕಡಮೆ ಇದೇ. ‘ಹೊಸಬನಿಗೆ ಅರ್ಧ’ ಎಂಬ ಮಾತನ್ನು ಕೇಳುಗರು ನೆನಪಿನಲ್ಲಿಡಬೇಕು.

1893ರಲ್ಲಿ ಬ್ರಿಟಿಷ್ ಸರ್ಕಾರವು ಈ ಗಿಡದ ಬಗ್ಗೆ ಒಂದು ಆಯೋಗವನ್ನು ನೇಮಿಸಿತು. ಸಾವಿರಕ್ಕೂ ಮಿಕ್ಕಿದ ಸಾಕ್ಷಿಗಳನ್ನು ಪಡೆದ ಆಯೋಗವು ಮಿತಸೇವನೆಯಿಂದ ಗಣನೀಯವಾದ ಕೇಡಿಲ್ಲ, ಅತಿಸೇವನೆಯಿಂದ ಕೇಡುಂಟು, ಪೂರ್ಣ ನಿಷೇಧ ಬೇಕಿಲ್ಲ ಎಂದು ತೀರ್ಮಾನಿಸಿತು. ಸ್ವತಂತ್ರ ಭಾರತದ 1985ರ ಶಾಸನ ಗಾಂಜಾ ಚರಸ್ಸುಗಳನ್ನು ನಿಷೇಧಿಸಿತು. ಹೂತೆನೆಯಿಲ್ಲದ ಬರಿಯ ಸೊಪ್ಪನ್ನು ಮಾತ್ರ ಆ ವ್ಯಾಖ್ಯೆಯಿಂದ ಹೊರಗಿಟ್ಟಿತು.

ಇನ್ನು ವಿಜ್ಞಾನದ ಕಡೆಗೆ ತಿರುಗೋಣ. ಮೆಣಸಿನ ಖಾರದ ಮೂಲವಸ್ತುವಾದ ಪೈಪರೀನನ್ನು 1819ರಲ್ಲಿ ಬೇರ್ಪಡಿಸಿದವನು ಡೆನ್ಮಾರ್ಕಿನ ಅರ್ಸ್ಟೆಡ್. ಮರುವರ್ಷ ವಿದ್ಯುತ್ತಿಗೂ ಅಯಸ್ಕಾಂತಕ್ಕೂ ಇರುವ ಸಂಬಂಧವನ್ನು ಕಂಡುಹಿಡಿದವನೂ ಈತನೇ. ಆದರೆ ಪೈಪರೀನಿನ ನಿಜವಾದ ಗುಣ ತಿಳಿದದ್ದು ನಮ್ಮವರಿಂದ. ಆಯುರ್ವೇದದ ಎಷ್ಟೋ ಯೋಗಗಳಲ್ಲಿ ತ್ರಿಕಟು ಏಕೆ ಬರುತ್ತದೆ ಎಂಬ ಪ್ರಶ್ನೆಯನ್ನು ಹಿಡಿದು ಜಮ್ಮುವಿನ ಪ್ರಾದೇಶಿಕ ಸಂಶೋಧನಾಲಯದ ಅತಲ್ ಮತ್ತು ಸಂಗಡಿಗರು 1981ರಲ್ಲಿ ತಮ್ಮ ಶೋಧವನ್ನು ಪ್ರಕಟಿಸಿದರು. ಹೊರಗಿನಿಂದ ಬಂದ ವಸ್ತುವನ್ನು ಮಾರ್ಪಡಿಸಿ ಹೊರಹಾಕುವ ಕಿಣ್ವಗಳು ನಮ್ಮ ಕರುಳು ಯಕೃತ್ತುಗಳಲ್ಲಿವೆ. ಪೈಪರೀನು ಈ ದ್ವಾರಪಾಲಕರನ್ನು ಕೆಲಕಾಲ ತಡೆಯುತ್ತದೆ. ಆಗ ಮದ್ದು ರಕ್ತದಲ್ಲಿ ಹೆಚ್ಚು ಪ್ರಮಾಣದಲ್ಲಿ ಉಳಿಯುತ್ತದೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ವಿದ್ವಾಂಸರು ಎರಡು ಗ್ರಾಂ ಅರಿಶಿನದ ಸತ್ತ್ವಕ್ಕೆ 20 ಮಿಲಿಗ್ರಾಂ ಪೈಪರೀನನ್ನು ಸೇರಿಸಿ ಕೊಟ್ಟರು. ಸತ್ತ್ವವು ರಕ್ತಕ್ಕೆ ದೊರೆತ ಪ್ರಮಾಣ ಸುಮಾರು 20 ಪಟ್ಟು ಏರಿತು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಮದ್ದಿನ 450 ಮಿಲಿಗ್ರಾಮಿನ ಪ್ರಮಾಣವನ್ನು ಪೈಪರೀನಿನ ನೆರವಿನಿಂದ 200ಕ್ಕೆ ಇಳಿಸಿದ ಮಾತ್ರೆ 2009ರಲ್ಲಿ ನಮ್ಮ ದೇಶದಲ್ಲಿ ಬಂದಿತು. ಭಂಗಿಯ ಸತ್ತ್ವಗಳ ವಿಷಯದಲ್ಲಿಯೂ ಇದು ನಿಜ. ಅವನ್ನು ಪೈಪರೀನಿನೊಡನೆ ಬಾಯಿಯ ಮೂಲಕ ಕೊಟ್ಟಾಗ ಆರೋಗ್ಯವಂತರ ರಕ್ತದಲ್ಲಿ ಅವುಗಳ ಪ್ರಮಾಣ ಹೆಚ್ಚಿದ್ದನ್ನು ಜೆರೂಸಲೇಮಿನ ಸಂಶೋಧಕರು 2017ರಲ್ಲಿ ವರದಿಮಾಡಿದರು.

ಹಾಗಾದರೆ ಮೆಣಸು ಅಮಲನ್ನು ಇಳಿಸುತ್ತದೆ ಎಂಬ ಮಾತಿಗೆ ಆಧಾರವೇನು? 2014ರಲ್ಲಿ ಕೆನಡಾದ ಹೆಸರಾಂತ ಗಾಯಕ ನೀಲ್ ಯಂಗ್ ಅಮೆರಿಕದ ಒಂದು ರೇಡಿಯೋ ಸಂದರ್ಶನದಲ್ಲಿ, ಕಳವಳವಾದಾಗ ಎರಡು ಮೂರು ಮೆಣಸಿನ ಕಾಳನ್ನು ಅಗಿಯಿರಿ ಎಂದು ಸಲಹೆ ಕೊಟ್ಟರು. ಇದು ಜನಪದದ ನಂಬಿಕೆ. 2011ರಲ್ಲಿ ಈಥನ್ ರುಸ್ಸೋ ಎಂಬ ವೈದ್ಯರು ಇಂಥ ಮನೆಮದ್ದುಗಳನ್ನು ಸಂಗ್ರಹಿಸಿ, ಕಾರಣ ಮೆಣಸಿನ ಪರಿಮಳದ ತೈಲದಲ್ಲಿರಬಹುದೆಂದು ಊಹಿಸಿದರು. ಆ ತೈಲದ ಕ್ಯಾರಿಯೊಫಿಲೀನ್ ಎಂಬ ಅಂಶ ಭಂಗಿಯಲ್ಲಿಯೂ ಇದೆ. ದೇಹದಲ್ಲಿ ಭಂಗಿಯ ಸತ್ತ್ವವು ತಗಲುವ ಎರಡು ಬಗೆಯ ಗ್ರಾಹಕಗಳಲ್ಲಿ ಅಮಲಿಗೆ ಕಾರಣವಾದುದನ್ನು ಬಿಟ್ಟು ಇನ್ನೊಂದನ್ನು ಮಾತ್ರ ಅದು ಮುಟ್ಟುತ್ತದೆ ಎಂದು 2008ರಲ್ಲಿ ಗೊತ್ತಾಯಿತು. ಮೆಣಸಿನಲ್ಲಿಯೂ ನಿಂಬೆಯಲ್ಲಿಯೂ ಇರುವ ಲಿಮೊನೀನ್ ಎಂಬ ಇನ್ನೊಂದು ಅಂಶವನ್ನು ಆವಿಯಾಗಿ ಕೊಟ್ಟಾಗ ಭಂಗಿಯ ಸತ್ತ್ವದಿಂದ ಹುಟ್ಟಿದ ಕಳವಳ ತಗ್ಗಿದ್ದನ್ನು 2024ರಲ್ಲಿ ಅಮೆರಿಕದ ಪರೀಕ್ಷೆಯೊಂದು ತೋರಿಸಿತು. ಆದರೆ ಅಲ್ಲಿ ಪರೀಕ್ಷಿಸಿದ್ದು ಲಿಮೊನೀನನ್ನೇ ಹೊರತು ಮೆಣಸನ್ನಲ್ಲ.

ಈಗ ನಮ್ಮ ಪ್ರಶ್ನೆ ತಿಳಿಯಾಯಿತು. ಶಮನದ ಹೆಸರು ಪರಿಮಳದ ತೈಲದ್ದು. ಏರಿಸುವ ಗುಣ ಖಾರದ ಪೈಪರೀನಿನದು. ಅಂಗಡಿಯ ಗುಳಿಗೆಯಲ್ಲಿ ಬಹುವಾಗಿ ಇರುವುದು ಪೈಪರೀನೇ ಆದರೆ, ಭಂಗಿಯನ್ನು ತಿಂದು ಕಳವಳಗೊಂಡವನು ಶಮನಕ್ಕೆಂದು ಅದನ್ನು ನುಂಗಿದಾಗ ಉರಿಯುವ ಬೆಂಕಿಗೆ ತುಪ್ಪವನ್ನು ಎರೆದಂತಾದೀತು. ತಿಂದ ಭಂಗಿಯ ಪರಿಣಾಮ ಕಾಣುವುದೇ ತಡವಾಗಿ. ಅಷ್ಟರಲ್ಲಿ ಪೈಪರೀನು ತನ್ನ ಕೆಲಸವನ್ನು ಮಾಡಿರುತ್ತದೆ. ಅಪಾಯ ಅಮಲಿನದು ಮಾತ್ರವಲ್ಲ. ಅಪಸ್ಮಾರದ ಫೆನಿಟಾಯಿನ್, ಉಬ್ಬಸದ ಥಿಯೊಫಿಲಿನ್, ಹೃದಯದ ಪ್ರೊಪ್ರನೊಲಾಲ್ ಮುಂತಾದವುಗಳ ಪ್ರಮಾಣವನ್ನೂ ಅದು ರಕ್ತದಲ್ಲಿ ಹೆಚ್ಚಿಸಬಲ್ಲುದೆಂದು ನಮ್ಮ ದೇಶದ ಸಂಶೋಧನೆಗಳೇ ತೋರಿಸಿವೆ. ನಿತ್ಯವೂ ಮದ್ದನ್ನು ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇಂಥ ಗುಳಿಗೆಯನ್ನು ಮುಟ್ಟಬಾರದು. ಮೆಣಸಿನ ಸಾರಿನಲ್ಲಿರುವ ಮೆಣಸು ಬೇರೆ, ಸತ್ತ್ವವನ್ನು ಹಿಂಡಿ ತೆಗೆದ ಗುಳಿಗೆ ಬೇರೆ.

‘ಮಾತ್ರೆ’ ಎಂಬ ಮಾತು ನಮ್ಮ ಛಂದಸ್ಸಿನಲ್ಲಿ ಉಚ್ಚಾರಣೆಯ ಕಾಲದ ಅಳತೆ. ವೈದ್ಯದಲ್ಲಿ ಔಷಧದ ಅಳತೆ. ಇಂದಿನ ಬಳಕೆಯಲ್ಲಿ ಅದು ಗುಳಿಗೆಗೇ ಹೆಸರಾಗಿದೆ. ಒಂದು ಮಾತ್ರೆ ಹೆಚ್ಚಿದರೆ ಪದ್ಯ ಕೆಡುತ್ತದೆ. ಓದುಗನಿಗೆ ಅದರಿಂದ ಹಾನಿಯಿಲ್ಲ. ದೇಹದ ವಿಷಯ ಹಾಗಲ್ಲ. ಹಿಂದಿನವರು ಮೆಣಸನ್ನೂ ಭಂಗಿಯನ್ನೂ ಒಂದೇ ಕಲ್ಲಿನಲ್ಲಿ ಅರೆದರು, ನಿಜ. ಆದರೆ ಹೊಸಬನಿಗೆ ಅರ್ಧ ಎಂದು ಹೇಳಲು ಮರೆಯಲಿಲ್ಲ. ಅವರ ಪಾಕವನ್ನು ಮಾತ್ರ ಉಳಿಸಿಕೊಂಡು ಅವರ ಅಳತೆಯನ್ನು ಬಿಟ್ಟರೆ, ನಾವು ಉಳಿಸಿಕೊಂಡದ್ದು ಪರಂಪರೆಯಾಗುವುದಿಲ್ಲ.