ಮನೆಗೊಂದು ನಂಬರು

ಕಳೆದ ತಿಂಗಳು ಫೈಬರ್ ತಂತಿ ಎಳೆಯುವ ಹುಡುಗನೊಬ್ಬ ನಮ್ಮ ಮನೆಗೆ ಬಂದಿದ್ದ. ಹಾಲಿನ ಮೂಲೆಯಲ್ಲಿದ್ದ ಫೋನನ್ನು ನೋಡಿ, "ಇದು ಇನ್ನಾ ಬೇಕೇನ್ರೀ ಅಕ್ಕಾರ?" ಎಂದು ಕೇಳಿದ. ಬೇಕೆಂದರೆ ತಾಮ್ರದ ತಂತಿ ತೆಗೆದು ಹಳೆಯ ನಂಬರನ್ನೇ ಫೈಬರಿಗೆ ವರ್ಗಾಯಿಸಬಹುದು. ಬೇಡವೆಂದರೆ ಒಂದು ಅರ್ಜಿ ಕೊಟ್ಟು ಮುಗಿಸಬಹುದು. ಆ ಫೋನಿಗೆ ಈಗ ತಿಂಗಳಿಗೆ ನಾಲ್ಕು ಕರೆ ಬಂದರೆ ಹೆಚ್ಚು. ಅದರಲ್ಲಿ ಮೂರು, ಸಾಲ ಬೇಕೇ ಎಂದು ಕೇಳುವವು. ನಾನು ಬೇಡ ಎನ್ನುವಷ್ಟರಲ್ಲಿ ಒಳಗಿನಿಂದ ಅಮ್ಮಿ, "ಅದನ್ನು ಮುಟ್ಟಬೇಡ" ಎಂದರು. ಯೋಚಿಸಿ ಹೇಳುತ್ತೇನೆಂದು ಹುಡುಗನನ್ನು ಕಳಿಸಿದೆ.

ಭಾರತಕ್ಕೆ ಟೆಲಿಫೋನು ಬಂದದ್ದು ತಡವಾಗಿಯೇನೂ ಅಲ್ಲ. ಗ್ರಹಾಂ ಬೆಲ್‌ಗೆ ಪೇಟೆಂಟ್ ಸಿಕ್ಕಿದ್ದು 1876ರ ಮಾರ್ಚ್‌ನಲ್ಲಿ. ಆರು ವರ್ಷ ತುಂಬುವ ಮೊದಲೇ, 1882ರ ಜನವರಿಯಲ್ಲಿ, ಕಲಕತ್ತ, ಬೊಂಬಾಯಿ ಮತ್ತು ಮದರಾಸುಗಳಲ್ಲಿ ಎಕ್ಸ್‌ಚೇಂಜುಗಳು ತೆರೆದವು. ಕಲಕತ್ತದ ಕೇಂದ್ರಕ್ಕೆ ಆಗ 93 ಚಂದಾದಾರರು. ಆದರೆ ಬೇಗ ಬಂದ ಯಂತ್ರ ಜನರ ಬಳಿಗೆ ಬರಲು ನೂರು ವರ್ಷ ತೆಗೆದುಕೊಂಡಿತು. ಸ್ವಾತಂತ್ರ್ಯ ಬಂದಾಗ ಇಡೀ ದೇಶದಲ್ಲಿದ್ದದ್ದು ಸುಮಾರು 80 ಸಾವಿರ ಫೋನು. ಮರುವರ್ಷವೇ, 1948ರಲ್ಲಿ, ಬೆಂಗಳೂರಿನಲ್ಲಿ ಐ.ಟಿ.ಐ. ಕಾರ್ಖಾನೆ ಹುಟ್ಟಿತು. ಅದರ ಸುತ್ತ ಬೆಳೆದ ಬಡಾವಣೆಗೆ ದೂರವಾಣಿನಗರ ಎಂದೇ ಹೆಸರಾಯಿತು. ಆದರೂ 1991ರಲ್ಲಿ ದೇಶದ ಒಟ್ಟು ಫೋನುಗಳು ಐವತ್ತು ಲಕ್ಷದ ಆಸುಪಾಸಿನಲ್ಲಿದ್ದವು. ಫೋನು ಅಂದರೆ ಶ್ರೀಮಂತಿಕೆ ಎಂದು ಸರಕಾರವೇ ನಂಬಿದ್ದ ಕಾಲ ಅದು.

ನಮ್ಮದು ಬೈಲಹೊಂಗಲದ ಕಡೆಯ ಒಂದು ಊರು. ನಾನು ಉರ್ದು ಶಾಲೆಗೆ ಹೋಗುತ್ತಿದ್ದ ದಿನಗಳಲ್ಲಿ ಇಡೀ ಓಣಿಗೆ ಒಂದೇ ಫೋನು, ಅರಳೆ ವ್ಯಾಪಾರದ ಶೆಟ್ಟರ ಮನೆಯಲ್ಲಿ. ನನ್ನ ಮಾಮು ದಮ್ಮಾಮಿನಲ್ಲಿದ್ದರು. ಗಲ್ಫಿಗೆ ಹೋದವರ ಮನೆಗಳಿಗೆ ಆಗ ಕಾಗದ ಬರುತ್ತಿತ್ತು, ಮಾತನ್ನು ತುಂಬಿದ ಕ್ಯಾಸೆಟ್ಟು ಬರುತ್ತಿತ್ತು, ಅಪರೂಪಕ್ಕೆ ಫೋನು ಬರುತ್ತಿತ್ತು. ಶೆಟ್ಟರ ಮನೆಯ ಹುಡುಗ ಓಡಿ ಬಂದು "ಸೌದಿ ಫೋನು!" ಎಂದು ಕೂಗಿದರೆ ಅಮ್ಮಿ ಒಲೆಯ ಮೇಲಿನ ರೊಟ್ಟಿಯನ್ನು ಹಾಗೇ ಬಿಟ್ಟು, ಬುರ್ಖಾ ಹಾಕಿಕೊಳ್ಳಲೂ ಸಮಯವಿಲ್ಲದೆ, ದುಪಟ್ಟಾ ಎಳೆದುಕೊಂಡು ಓಡುತ್ತಿದ್ದರು. ಶೆಟ್ಟರು ಒಂದು ದಿನವೂ ಬೇಸರಿಸಲಿಲ್ಲ. ಫೋನು ಇದ್ದ ಮನೆಗೆ ಅದೊಂದು ಕೆಲಸ ಅಂಟಿಕೊಂಡೇ ಬರುತ್ತಿತ್ತು. ಕರೆದು ತರುವುದು, ಕೂರಿಸುವುದು, ಸುದ್ದಿ ಕೆಟ್ಟದ್ದಿದ್ದರೆ ನೀರು ಕೊಡುವುದು.

ಇಲ್ಲಿಂದ ಮಾಡಬೇಕಾದರೆ ಟ್ರಂಕ್ ಕಾಲ್. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ಅದರಲ್ಲೂ ಜಾತಿಗಳಿದ್ದವು. ಬೇಗ ಬೇಕಾದವರು ಹಲವು ಪಟ್ಟು ಕೊಡಬೇಕು. ಲೆಕ್ಕ ಮೂರು ಮೂರು ನಿಮಿಷದ್ದು. 1989ರಲ್ಲಿ ನಾನಿ ತೀರಿಕೊಂಡಾಗ ಬೆಳಗಿನ ನಮಾಜಿನ ಹೊತ್ತಿಗೆ ಕಾಲ್ ಬುಕ್ ಮಾಡಿದರು. ಲೈನು ಸಿಕ್ಕಿದ್ದು ಮರುದಿನ ಮಧ್ಯಾಹ್ನ. ಅಷ್ಟರಲ್ಲಿ ದಫನ್ ಮುಗಿದಿತ್ತು. ಆ ಕಡೆಯಿಂದ ಮಾಮು ಸಲಾಮ್ ಹೇಳಿ ಮೊದಲು ಕೇಳಿದ್ದೇ "ಅಮ್ಮಾ ಹೇಗಿದ್ದಾರೆ?" ಎಂದು. ಶೆಟ್ಟರ ಹಾಲಿನಲ್ಲಿ ಹತ್ತು ಜನ ನಿಂತಿದ್ದರು. ಅಮ್ಮಿ ಮೂರು ನಿಮಿಷದಲ್ಲಿ ಎರಡನ್ನು ಸುಮ್ಮನೆ ಕಳೆದರು ಎಂದು ಅಬ್ಬಾ ಬಹಳ ವರ್ಷದ ನಂತರ ನನಗೆ ಹೇಳಿದರು.

ಈ ಕಥೆಗೆ ನಮ್ಮ ಸೀಮೆಯಲ್ಲೇ ಒಂದು ತಿರುವು ಸಿಕ್ಕಿದ್ದು ಹೆಚ್ಚು ಜನರಿಗೆ ಗೊತ್ತಿಲ್ಲ. 1984ರಲ್ಲಿ ಸ್ಯಾಮ್ ಪಿತ್ರೋಡಾ ಅವರ ಮುಂದಾಳತ್ವದಲ್ಲಿ ಸಿ-ಡಾಟ್ ಸಂಸ್ಥೆ ಶುರುವಾಯಿತು. ಹೊರದೇಶದಿಂದ ತಂದ ಎಕ್ಸ್‌ಚೇಂಜುಗಳಿಗೆ ಎ.ಸಿ. ಕೋಣೆ ಬೇಕು, ಧೂಳು ತಾಗಬಾರದು. ನಮ್ಮ ಹಳ್ಳಿಗಳಲ್ಲಿ ಫ್ಯಾನು ತಿರುಗಿದರೇ ಪುಣ್ಯ. ಸಿ-ಡಾಟ್‌ನ ಯುವ ಇಂಜಿನಿಯರುಗಳು ಬಿಸಿಲು, ಧೂಳು ತಡೆದುಕೊಂಡು ಎ.ಸಿ. ಇಲ್ಲದೆ ನಡೆಯುವ 128 ಪೋರ್ಟಿನ ಸಣ್ಣ ಗ್ರಾಮೀಣ ಎಕ್ಸ್‌ಚೇಂಜನ್ನು ಕಟ್ಟಿದರು. ಅದರ ಮೊದಲನೆಯದನ್ನು 1986ರಲ್ಲಿ ಸ್ಥಾಪಿಸಿದ್ದು ಕಿತ್ತೂರಿನಲ್ಲಿ. ಹೌದು, ಚೆನ್ನಮ್ಮನ ಕಿತ್ತೂರಿನಲ್ಲಿಯೇ. ಕೋಟೆ ನೋಡಲು ಬರುವ ಪ್ರವಾಸಿಗರಿಗೆ 1824 ಗೊತ್ತು, 1986 ಗೊತ್ತಿಲ್ಲ. ಆ ಊರಿನಲ್ಲಿ ಅದಕ್ಕೊಂದು ಕಲ್ಲು ನೆಟ್ಟರೆ ತಪ್ಪೇನಿಲ್ಲ ಎಂಬುದು ನನ್ನ ಅಭಿಪ್ರಾಯ.

ಇದರ ಬೆನ್ನಿಗೆ ಹಳದಿ ಬಣ್ಣದ ಎಸ್.ಟಿ.ಡಿ. ಬೂತುಗಳು ಬಂದವು. ರಾತ್ರಿ 11ರ ನಂತರ ಕಾಲು ದರ. ಆ ಹೊತ್ತಿಗೆ ಬೂತಿನ ಮುಂದೆ ಸಂತೆ ನೆರೆಯುತ್ತಿತ್ತು.

ಅಬ್ಬಾ ಉರ್ದು ಪ್ರಾಥಮಿಕ ಶಾಲೆಯ ಮಾಸ್ತರರು. 1988ರಲ್ಲಿ ಅರ್ಜಿ ಹಾಕಿದ್ದರು, ಫೋನು ಬಂದದ್ದು 1996ರಲ್ಲಿ. ಬಂದ ದಿನವೇ ಅದರ ಪಕ್ಕದಲ್ಲಿ ಒಂದು ನೋಟುಬುಕ್ಕು ಇಟ್ಟರು. ಯಾರಿಗೆ, ಎಲ್ಲಿಂದ, ಎಷ್ಟು ಗಂಟೆಗೆ ಕರೆ ಬಂತು, ಏನು ಹೇಳಬೇಕು ಎಲ್ಲವೂ ಅದರಲ್ಲಿ ಬಲದಿಂದ ಎಡಕ್ಕೆ ಅಚ್ಚುಕಟ್ಟಾದ ಉರ್ದುವಿನಲ್ಲಿದೆ. ನಮ್ಮ ಮನೆ ಈಗ ಶೆಟ್ಟರ ಮನೆಯಾಗಿತ್ತು. ಓಡುವ ಹುಡುಗಿ ನಾನು. ಮೊನ್ನೆ ಆ ಪುಸ್ತಕ ತೆಗೆದು ಓದಿದೆ. ಕುವೈತಿನಿಂದ ಟೇಲರ್ ಮಗ, ಹಣ ಕಳಿಸಿದ್ದಾನೆ. ಹುಬ್ಬಳ್ಳಿ ಆಸ್ಪತ್ರೆಯಿಂದ, ಹೆರಿಗೆ ಆಯಿತು, ಹೆಣ್ಣು. ಗೋವಾದಿಂದ ಗಾರೆ ಕೆಲಸದವರು, ಹಬ್ಬಕ್ಕೆ ಬರುವುದಿಲ್ಲ. ಒಂದು ಓಣಿಯ ಏಳು ವರ್ಷದ ಬದುಕು ಅದರಲ್ಲಿದೆ. 2002-03ರ ಸುಮಾರಿಗೆ ದೇಶದ ನಂಬರುಗಳ ಮುಂದೆ 2 ಸೇರಿಸಿದಾಗ ಅಬ್ಬಾ ಮೊದಲ ಪುಟದಲ್ಲಿ ಅದನ್ನೂ ಕೆಂಪು ಶಾಯಿಯಲ್ಲಿ ತಿದ್ದಿದ್ದಾರೆ.

2003ರ ನಂತರ ಪುಟಗಳು ಖಾಲಿ. ಕಾರಣ ಸರಳ. ಮೊಬೈಲು 1995ರಲ್ಲೇ ದೇಶಕ್ಕೆ ಬಂದಿದ್ದರೂ ಬರುವ ಕರೆಗೂ ದುಡ್ಡು ಕೊಡಬೇಕಿತ್ತು. 2003ರ ಮೇ ತಿಂಗಳಿನಿಂದ ಒಳಬರುವ ಕರೆ ಉಚಿತವಾಯಿತು. ಟೇಲರ್ ಮಗ ತಂದೆಗೆ ಮೊಬೈಲು ಕಳಿಸಿದ. ನಮ್ಮ ಮನೆಗೆ ಯಾರೂ ಓಡಿ ಬರಬೇಕಾಗಲಿಲ್ಲ. ದೇಶದಲ್ಲಿ ಸ್ಥಿರ ದೂರವಾಣಿಗಳ ಸಂಖ್ಯೆ 2005-06ರ ಹೊತ್ತಿಗೆ ಐದು ಕೋಟಿ ಮುಟ್ಟಿ ಅಲ್ಲಿಂದ ಇಳಿಯತೊಡಗಿತು. 2020ರಲ್ಲಿ ಉಳಿದದ್ದು ಎರಡು ಕೋಟಿ. ಆಮೇಲೆ ಫೈಬರ್ ಬಂದು ಲೆಕ್ಕ ಸ್ವಲ್ಪ ಏರಿತು. ಆದರೆ ಅದು ಇಂಟರ್ನೆಟ್ಟಿಗಾಗಿ; ಫೋನು ಜೊತೆಗೆ ಬಂದ ಕೊಸರು.

ಆ ಕಾಲವೇ ಚೆನ್ನಾಗಿತ್ತು ಎಂದು ನಾನು ಬರೆದರೆ ಅಮ್ಮಿ ಒಪ್ಪುವುದಿಲ್ಲ. ಮನೆಯ ಫೋನು ಹಾಲಿನಲ್ಲಿರುತ್ತಿತ್ತು, ಹಾಲು ಗಂಡಸರದ್ದಾಗಿತ್ತು. ಹೆಣ್ಣುಮಕ್ಕಳು ತವರಿಗೆ ಮಾಡಿದ ಫೋನುಗಳನ್ನು ನೀವು ನೆನಪಿಸಿಕೊಳ್ಳಿ. "ಚೆನ್ನಾಗಿದ್ದೇನೆ, ಎಲ್ಲರೂ ಚೆನ್ನಾಗಿದ್ದಾರೆ." ಅತ್ತೆ ಪಕ್ಕದಲ್ಲಿ ಕುಳಿತಿರುವಾಗ ಬೇರೇನು ಹೇಳಲಾದೀತು? ಅಮ್ಮಿ ತನ್ನ ತಮ್ಮನೊಂದಿಗೆ ಬಾಗಿಲು ಮುಚ್ಚಿಕೊಂಡು ಮನಸ್ಸು ಬಿಚ್ಚಿ ಮಾತಾಡಿದ್ದು ಕೈಗೆ ಮೊಬೈಲು ಬಂದ ಮೇಲೆ, ತನ್ನ ಐವತ್ತೈದನೆಯ ವಯಸ್ಸಿನಲ್ಲಿ. ನಾನಿಯ ಸಾವಿನ ದಿನ ಹೇಳಲಾಗದ್ದನ್ನು ಆವತ್ತು ಹೇಳಿದರಂತೆ. ಏನೆಂದು ನಾನು ಕೇಳಿಲ್ಲ.

ಹಾಗಾದರೆ ಹಳೆಯ ಫೋನು ಏಕೆ ಬೇಕು? ಕರೆಂಟು ಹೋದರೂ ಅದು ನಡೆಯುತ್ತದೆ ಎಂಬುದು ದೊಡ್ಡ ವಾದ. ತಾಮ್ರದ ತಂತಿಯ ಮಟ್ಟಿಗೆ ಅದು ನಿಜ. ಎಕ್ಸ್‌ಚೇಂಜಿನ ಬ್ಯಾಟರಿಗಳಿಂದ 48 ವೋಲ್ಟ್ ವಿದ್ಯುತ್ತು ಆ ತಂತಿಯಲ್ಲೇ ನಮ್ಮ ಮನೆಯವರೆಗೂ ಹರಿದು ಬರುತ್ತದೆ. ಫೈಬರಿನಲ್ಲಿ ಬರುವುದು ಬೆಳಕು ಮಾತ್ರ. ಮನೆಯ ಪೆಟ್ಟಿಗೆಗೆ ಕರೆಂಟು ನಾವೇ ಕೊಡಬೇಕು, ಅದು ಹೋದರೆ ಫೋನೂ ಹೋಯಿತು. ಇನ್ನು, ಎಲ್ಲ ಕೆಟ್ಟಾಗ ಲ್ಯಾಂಡ್‌ಲೈನು ಉಳಿಯುತ್ತದೆ ಎಂಬ ಮಾತು. 2019ರ ಆಗಸ್ಟ್ 5ರಂದು ಕಾಶ್ಮೀರದಲ್ಲಿ ಮೊಬೈಲು, ಇಂಟರ್ನೆಟ್ಟಿನ ಜೊತೆ ಅದನ್ನೂ ನಿಲ್ಲಿಸಲಾಗಿತ್ತು. ಆದರೆ ಎರಡು ವಾರದೊಳಗೆ ಮೊದಲು ಜೀವ ಬರತೊಡಗಿದ್ದು ಲ್ಯಾಂಡ್‌ಲೈನುಗಳಿಗೇ. ಪೋಸ್ಟ್‌ಪೇಯ್ಡ್ ಮೊಬೈಲುಗಳಿಗೆ ಅಕ್ಟೋಬರ್ 14ರವರೆಗೆ ಕಾಯಬೇಕಾಯಿತು. ಹಳೆಯ ಫೋನನ್ನು ಕಿತ್ತುಹಾಕದೆ ಉಳಿಸಿಕೊಂಡ ಮನೆಗಳು ಅಲ್ಲಿ ಮತ್ತೆ ನೆರೆಹೊರೆಯ ಮನೆಗಳಾದವು.

ಇವನ್ನೆಲ್ಲ ಅಮ್ಮಿಗೆ ವಿವರಿಸಿದೆ. ಅಬ್ಬಾನ ನೆನಪಿಗಾಗಿ ಇರಲಿ ಎಂದಾದರೆ ನೋಟುಬುಕ್ಕು ಇದೆಯಲ್ಲ ಎಂದೂ ಹೇಳಿದೆ. ಅಮ್ಮಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗೆ ಬಾಯಿಪಾಠ ಬರುವ ನಂಬರು ಅದೊಂದೇ" ಎಂದರು. ಮೊಬೈಲಿನಲ್ಲಿ ನನ್ನ ಫೋಟೋ ಒತ್ತಿದರೆ ಸಾಕು, ನಂಬರು ಅವರಿಗೆ ಗೊತ್ತಿಲ್ಲ. ಈಚೆಗೆ ಅವರು ಎರಡು ಸಲ ಸಂತೆಯಿಂದ ಬರುವಾಗ ದಾರಿ ತಪ್ಪಿದ್ದರು. ಎರಡನೆಯ ಸಲ ಮೊಬೈಲು ಮನೆಯಲ್ಲೇ ಉಳಿದಿತ್ತು. ಔಷಧಿ ಅಂಗಡಿಯವನು ಅವರನ್ನು ಕೂರಿಸಿಕೊಂಡು ಫೋನು ಮಾಡಿದ್ದು ಹಾಲಿನ ಮೂಲೆಯ ಫೋನಿಗೆ. ಆ ತಿಂಗಳ ನಾಲ್ಕು ಕರೆಗಳಲ್ಲಿ ಅದೊಂದು.

ವರ್ಗಾವಣೆಯ ಕಾಗದಕ್ಕೆ ಸಹಿ ಹಾಕಿದೆ. ಪೆಟ್ಟಿಗೆಗೆ ಒಂದು ಸಣ್ಣ ಬ್ಯಾಟರಿಯನ್ನೂ ತಂದೆ. ಹುಡುಗ ಜೋಡಿಸಿ ಮುಗಿಸಿದ ಮೇಲೆ ನನ್ನ ಮೊಬೈಲಿಗೆ ಮಾಡಿ ನೋಡಿ ಎಂದು ಅಮ್ಮಿಗೆ ಹೇಳಿದೆ. ನಂಬರನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟೆ. ಹತ್ತಲಿಲ್ಲ. 2021ರ ಜನವರಿಯಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಮಾಡುವಾಗ ಮುಂದೆ ಸೊನ್ನೆ ಒತ್ತಬೇಕು, ನಾನೇ ಮರೆತಿದ್ದೆ.

"ಸೊನ್ನೆ ಹಾಕಬೇಕಾ?" ಎಂದು ಅಮ್ಮಿ ನಕ್ಕರು. "ಮತ್ತೆ ಟ್ರಂಕ್ ಕಾಲ್ ಆಯ್ತಲ್ಲೇ!"