ತಾನ್‌ಬಾಖ್ ಹಳ್ಳದ ಎಲ್ಲೆ

ಬವೇರಿಯಾ ರಾಜ್ಯದ ಈಶಾನ್ಯದ ಮೂಲೆಯಲ್ಲಿ, ಹೋಫ್ ಪಟ್ಟಣದಿಂದ ಉತ್ತರಕ್ಕೆ ಸ್ವಲ್ಪ ದೂರ ಹೋದರೆ ಮ್ಯೋಡ್ಲಾರೊಯ್ಟ್ ಎಂಬ ಕುಗ್ರಾಮವೊಂದು ದೊರೆಯುತ್ತದೆ. ಅಲ್ಲಿರುವ ಜನ ಸುಮಾರು ಐವತ್ತು ಮಂದಿ. ಊರ ನಡುವೆ ತಾನ್‌ಬಾಖ್ ಎಂಬ ಸಣ್ಣ ಹಳ್ಳವು ಹರಿದುಹೋಗುತ್ತದೆ. ಇದನ್ನು ಗಟ್ಟಿಮುಟ್ಟಾದ ಮನುಷ್ಯನು ಒಂದೇ ನೆಗೆತಕ್ಕೆ ದಾಟಿಬಿಡಬಲ್ಲನು. ಈ ನೀರು ಹಿರ್ಷ್‌ಬೆರ್ಗ್ ಎಂಬಲ್ಲಿ ಸಾಲೆ ನದಿಯನ್ನು ಸೇರಿ, ಅದರೊಡನೆ ಎಲ್ಬೆಯನ್ನು ಕೂಡಿ, ಉತ್ತರ ಸಮುದ್ರಕ್ಕೆ ಹೋಗುವುದು. ಹಳ್ಳದ ಒಂದು ದಡದ ಮನೆಗಳು ಬವೇರಿಯಾಕ್ಕೆ ಸೇರಿದವು, ಇನ್ನೊಂದು ದಡದವು ತ್ಯೂರಿಂಗಿಯಾಕ್ಕೆ. ಇಷ್ಟು ಅಲ್ಪವಾದ ಊರಿಗೆ ಇಷ್ಟು ದೀರ್ಘವಾದ ಚರಿತ್ರೆ ಪ್ರಾಪ್ತವಾದದ್ದು ಈ ಒಂದೇ ಕಾರಣದಿಂದ.

ಸುತ್ತಣ ಸೀಮೆಯು ಎತ್ತರವಾದ, ಶೀತಪ್ರಧಾನವಾದ ದಿಣ್ಣೆಗಳ ನಾಡು. ಇಲ್ಲಿಯ ಚಳಿಗೆ ಹೆದರಿದ ಬವೇರಿಯಾದವರು ಈ ಪ್ರಾಂತವನ್ನು ಪರಿಹಾಸಕ್ಕೆ 'ಬವೇರಿಯಾದ ಸೈಬೀರಿಯಾ' ಎನ್ನುವುದುಂಟು. ಊರ ಹೆಸರಿನ ಕೊನೆಯಲ್ಲಿರುವ 'ರೊಯ್ಟ್' ಎಂಬ ಪದಕ್ಕೆ ಕಾಡು ಕಡಿದು ಹಸನುಮಾಡಿದ ನೆಲವೆಂದು ಅರ್ಥ. ವಾಗ್ನರನ ಸಂಗೀತನಾಟಕಗಳಿಂದ ಲೋಕಪ್ರಸಿದ್ಧವಾದ ಬೈರೊಯ್ಟ್ ನಗರದ ಹೆಸರಿನಲ್ಲಿಯೂ ಇದೇ ಪದವಿದೆ. ಮಧ್ಯಯುಗದಲ್ಲಿ ಚಕ್ರವರ್ತಿಯ ಪರವಾಗಿ ಅಧಿಕಾರ ನಡೆಸುತ್ತಿದ್ದ 'ಫೋಗ್ಟ್' ಎಂಬ ಅಧಿಕಾರಿಗಳಿಂದ ಈ ನಾಡಿಗೆ ಫೋಗ್ಟ್‌ಲಾಂಡ್ ಎಂಬ ಹೆಸರಾಯಿತು. ಆ ಅಧಿಕಾರಿಗಳ ವಂಶದವರೇ ಮುಂದೆ ರೊಯ್ಸ್ ಎಂಬ ಪುಟ್ಟ ಸಂಸ್ಥಾನಗಳ ಒಡೆಯರಾದರು. ಈ ಮನೆತನದಲ್ಲಿ ಗಂಡಾಗಿ ಹುಟ್ಟಿದವರಿಗೆಲ್ಲ ಹೈನ್ರಿಖ್ ಎಂಬ ಒಂದೇ ಹೆಸರಿಟ್ಟು, ಅಂಕೆಯಿಂದ ಗುರುತಿಸುವ ವಿಚಿತ್ರ ಸಂಪ್ರದಾಯವಿದ್ದಿತು.

ಹಳ್ಳದ ಆಚೆಯ ನೆಲವು ಬೈರೊಯ್ಟ್ ಸಂಸ್ಥಾನಕ್ಕೆ ಸೇರಿದ್ದಿತು. ಅದು 18ನೆಯ ಶತಮಾನದ ಕೊನೆಯಲ್ಲಿ ಪ್ರಷ್ಯದ ವಶವಾಯಿತು. ಬಳಿಕ ನೆಪೋಲಿಯನ್ನನ ಕೈಗೆ ಬಿದ್ದಿತು. ಅವನು ಅದನ್ನು 1810ರಲ್ಲಿ ಬವೇರಿಯಾದ ಅರಸನಿಗೆ ಬಿಟ್ಟುಕೊಟ್ಟನು. ಆಗ ಹೊಸ ಒಡೆಯರು ತಮ್ಮ ತಮ್ಮ ಮೇರೆಗಳನ್ನು ಗೊತ್ತುಮಾಡಿಕೊಂಡು, ತಾನ್‌ಬಾಖ್ ಹಳ್ಳದ ಉದ್ದಕ್ಕೂ ಎಲ್ಲೆಕಲ್ಲುಗಳನ್ನು ನೆಡಿಸಿದರು. ಒಂದು ಕಡೆ ಬವೇರಿಯಾ ರಾಜ್ಯ, ಮತ್ತೊಂದು ಕಡೆ ರೊಯ್ಸ್ ಸಂಸ್ಥಾನ. ಮ್ಯೋಡ್ಲಾರೊಯ್ಟಿನ ರೈತನು ಇದರಿಂದ ಯಾವ ಬಾಧೆಯನ್ನೂ ಪಟ್ಟಂತೆ ತೋರುವುದಿಲ್ಲ. ಕಂದಾಯವನ್ನು ಬೇರೆ ಬೇರೆ ಕಚೇರಿಗಳಿಗೆ ಕಟ್ಟುವುದಷ್ಟೇ ಭೇದ. ಊರಿನ ಶಾಲೆಯೂ ಪಾನಗೃಹವೂ ತ್ಯೂರಿಂಗಿಯಾದ ದಡದಲ್ಲಿದ್ದುವು. ದೇವರ ಪ್ರಾರ್ಥನೆಗೆ ಎಲ್ಲರೂ ಬವೇರಿಯಾಕ್ಕೆ ಸೇರಿದ ಟ್ಯೋಪೆನ್ ಗ್ರಾಮದ ಚರ್ಚಿಗೆ ಹೋಗುತ್ತಿದ್ದರು. ಅಕ್ಷರಕ್ಕೆ ಒಂದು ರಾಜ್ಯ, ದೇವರಿಗೆ ಇನ್ನೊಂದು! 1918ರಲ್ಲಿ ಅರಸರೆಲ್ಲ ಸಿಂಹಾಸನಗಳನ್ನು ಬಿಟ್ಟಿಳಿದರು. 1920ರಲ್ಲಿ ರೊಯ್ಸ್ ಮುಂತಾದ ಸಣ್ಣ ಸಂಸ್ಥಾನಗಳು ಕೂಡಿ ತ್ಯೂರಿಂಗಿಯಾ ರಾಜ್ಯವಾಯಿತು. ಆದರೂ ಹಳ್ಳದ ಗೆರೆ ಅಳಿಯಲಿಲ್ಲ. ಅದನ್ನು ಅಳಿಸಬೇಕೆಂದು ಯಾರಿಗೂ ತೋರಲಿಲ್ಲ. ಏಕೆಂದರೆ ಅದರಿಂದ ಯಾರಿಗೂ ತೊಂದರೆಯಿರಲಿಲ್ಲ.

ಕೇಡು ಬಂದದ್ದು ದೂರದಿಂದ. ಎರಡನೆಯ ಮಹಾಯುದ್ಧವು ಇನ್ನೂ ನಡೆಯುತ್ತಿರುವಾಗಲೇ, ಸೋತ ಜರ್ಮನಿಯನ್ನು ಮಿತ್ರರಾಷ್ಟ್ರಗಳು ಹೇಗೆ ಹಂಚಿಕೊಳ್ಳಬೇಕೆಂಬುದನ್ನು ಲಂಡನ್ನಿನಲ್ಲಿ ಕುಳಿತ ಒಂದು ಸಮಿತಿಯು ಆಲೋಚಿಸುತ್ತಿದ್ದಿತು. 1944ರ ಸೆಪ್ಟೆಂಬರ್ 12ರಂದು ಒಪ್ಪಂದಕ್ಕೆ ರುಜುವಾಯಿತು. ಹೊಸ ಗೆರೆಗಳನ್ನು ಎಳೆಯುವ ಶ್ರಮಕ್ಕೆ ಹೋಗದೆ ಸಮಿತಿಯವರು ಬಹುಮಟ್ಟಿಗೆ ಹಳೆಯ ಪ್ರಾಂತಗಳ ಎಲ್ಲೆಗಳನ್ನೇ ತೆಗೆದುಕೊಂಡರು. ರಷ್ಯನ್ನರ ವಿಭಾಗದ ಮೇರೆಯು ಬವೇರಿಯಾದ ಉತ್ತರದ ಅಂಚನ್ನು ಹಿಡಿದು ಜೆಕೊಸ್ಲೊವಾಕಿಯಾದವರೆಗೆ ಸಾಗಬೇಕೆಂದಾಯಿತು. ಆ ಅಂಚು ಮ್ಯೋಡ್ಲಾರೊಯ್ಟಿನ ಬಳಿ ತಾನ್‌ಬಾಖ್ ಹಳ್ಳವೇ ಆಗಿದ್ದಿತು. ಭೂಪಟವನ್ನು ಮುಂದಿಟ್ಟುಕೊಂಡು ಗೆರೆಯನ್ನು ಒಪ್ಪಿದ ಮಹನೀಯರಿಗೆ, ಅದರ ಕೆಳಗೆ ಒಂದು ಊರು ಅಡಗಿದೆಯೆಂಬುದು ತಿಳಿದಿರಲಿಕ್ಕಿಲ್ಲ.

1945ರ ಜುಲೈ ತಿಂಗಳಲ್ಲಿ ಅಮೆರಿಕದ ಸೈನ್ಯವು ತ್ಯೂರಿಂಗಿಯಾವನ್ನು ಬಿಟ್ಟು ಹಿಂತೆಗೆಯಿತು, ರಷ್ಯನ್ನರು ಬಂದರು. 1949ರಲ್ಲಿ ಜರ್ಮನಿಯು ಎರಡು ರಾಷ್ಟ್ರಗಳಾಯಿತು. ಎಲ್ಲೆಯ ನಿಜವಾದ ಕ್ರೌರ್ಯವು ಪ್ರಕಟವಾದುದು 1952ರ ಮೇ ತಿಂಗಳಲ್ಲಿ. ಪೂರ್ವ ಜರ್ಮನಿಯ ಸರಕಾರವು ಗಡಿಯುದ್ದಕ್ಕೂ 10 ಮೀಟರ್ ಅಗಲ ನೆಲವನ್ನು ಬೋಳಿಸಿ, 500 ಮೀಟರಿನವರೆಗೆ ಒಂದು ರಕ್ಷಣಾಪಟ್ಟಿಯನ್ನೂ 5 ಕಿಲೋಮೀಟರಿನವರೆಗೆ ನಿಷಿದ್ಧ ವಲಯವನ್ನೂ ಏರ್ಪಡಿಸಿತು. ತಮ್ಮ ಮನೆಯಲ್ಲಿ ತಾವಿರುವುದಕ್ಕೂ ಜನರು ರಹದಾರಿಯನ್ನು ಪಡೆಯಬೇಕಾಯಿತು. ನಂಬಿಕೆಗೆ ಅರ್ಹರಲ್ಲವೆಂದು ಅಧಿಕಾರಿಗಳಿಗೆ ತೋರಿದವರನ್ನು ಆ ವರ್ಷವೇ ಗಡಿಯ ಗ್ರಾಮಗಳಿಂದ ಬಲಾತ್ಕಾರವಾಗಿ ಎಬ್ಬಿಸಿ ಒಳನಾಡಿಗೆ ಸಾಗಿಸಲಾಯಿತು. ಇಡೀ ಗಡಿಯಲ್ಲಿ ಇಂತಹವರ ಸಂಖ್ಯೆ ಎಂಟು ಸಾವಿರವನ್ನು ಮೀರಿದ್ದಿತು. ಈ ಕಾರ್ಯಕ್ಕೆ ಆಡಳಿತದವರೊಳಗೇ ಇಟ್ಟುಕೊಂಡ ಗುಪ್ತನಾಮವು 'ಹುಳುಹುಪ್ಪಟೆ' ಎಂಬರ್ಥದ ಮಾತಾಗಿದ್ದಿತು. ಮನುಷ್ಯರನ್ನು ಹೀಗೆ ಕರೆದವರ ಮನಸ್ಸನ್ನು ವಾಚಕರೇ ಊಹಿಸಿಕೊಳ್ಳಬಹುದು.

ಮ್ಯೋಡ್ಲಾರೊಯ್ಟಿನಲ್ಲಿ ಮೊದಲು ಮರದ ಹಲಗೆಗಳ ಎತ್ತರವಾದ ಬೇಲಿಯೆದ್ದಿತು, ಮುಳ್ಳುತಂತಿ ಬಂದಿತು, ಕಡೆಗೆ 1966ರಲ್ಲಿ 700 ಮೀಟರ್ ಉದ್ದದ, 3.3 ಮೀಟರ್ ಎತ್ತರದ ಕಾಂಕ್ರೀಟು ಗೋಡೆಯನ್ನು ಕಟ್ಟಿದರು. ಕಾವಲುಗೋಪುರಗಳೂ ರಾತ್ರಿಯೆಲ್ಲ ಉರಿಯುವ ದೀಪಗಳೂ ಅದಕ್ಕೆ ಸೇರಿಕೊಂಡುವು. ಸುಮಾರು 1,400 ಕಿಲೋಮೀಟರ್ ಉದ್ದವಾದ ಆ ಗಡಿಯು ಬಹುಪಾಲು ತಂತಿಬೇಲಿಯೇ ಆಗಿದ್ದಿತು. ಮನೆಗೆ ಮನೆ ಎದುರಾಗಿದ್ದ ಇಂತಹ ಕೆಲವೆಡೆಗಳಲ್ಲಿ ಮಾತ್ರ, ನೋಟವನ್ನೂ ತಡೆಯುವ ಸಲುವಾಗಿ, ಗೋಡೆ ಬೇಕಾಯಿತು. ಪಶ್ಚಿಮದ ದಡದವರು ಕೈಬೀಸಬಹುದಾಗಿದ್ದಿತು. ಪೂರ್ವದವರು ಮರಳಿ ಕೈಬೀಸುವುದಕ್ಕೆ ನಿಷೇಧವಿದ್ದಿತು. ಮುಂದೆ, ಗಡಿಯ ಬಳಿಯ ಪಶ್ಚಿಮದವರು ಪೂರ್ವಕ್ಕೆ ಹೋಗಿಬರಲು 1973ರಲ್ಲಿ ಅನುಮತಿ ದೊರೆತಾಗಲೂ ರಕ್ಷಣಾಪಟ್ಟಿಯೊಳಕ್ಕೆ ಪ್ರವೇಶವಿರಲಿಲ್ಲವಾದ ಕಾರಣ, ಎದುರುಮನೆಯ ಬಂಧುವನ್ನು ಅವನ ಮನೆಯಲ್ಲಿ ಕಾಣುವುದು ಅಸಾಧ್ಯವಾಗಿಯೇ ಉಳಿಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಒಬ್ಬನು ವಾಹನವನ್ನು ಗೋಡೆಯ ಬುಡಕ್ಕೆ ತಂದು ನಿಲ್ಲಿಸಿ, ಏಣಿಯ ಸಹಾಯದಿಂದ ಹತ್ತಿ ಆಚೆಗೆ ಹಾರಿ ತಪ್ಪಿಸಿಕೊಂಡನು.

ಅಮೆರಿಕದ ಸೈನಿಕರು ಈ ಊರಿಗೆ 'ಪುಟ್ಟ ಬರ್ಲಿನ್' ಎಂದು ಹೆಸರಿಟ್ಟರು. 1983ರ ಫೆಬ್ರುವರಿ 5ರಂದು, ಆಗ ಅಮೆರಿಕದ ಉಪಾಧ್ಯಕ್ಷರಾಗಿದ್ದ ಜಾರ್ಜ್ ಬುಷ್ ಅವರು ಬಂದು ಗೋಡೆಯನ್ನು ನೋಡಿ ಹೋದರು. ಹೆಸರು ಇನ್ನಷ್ಟು ಪ್ರಚಾರಕ್ಕೆ ಬಂದಿತು. ಅದು ಕಿವಿಗೆ ಇಂಪಾದ ಹೆಸರೇನೋ ಹೌದು. ಆದರೆ ಈ ಹೋಲಿಕೆಯು ಯುಕ್ತವೆಂದು ನಮಗೆ ತೋರುವುದಿಲ್ಲ. ಬರ್ಲಿನ್ ಒಂದೇ ಆಡಳಿತದ ಒಂದೇ ನಗರವಾಗಿದ್ದು, 1945ರಲ್ಲಿ ಭಾಗವಾಯಿತು. ಮ್ಯೋಡ್ಲಾರೊಯ್ಟ್ ಆಡಳಿತದಲ್ಲಿ ಒಂದಾಗಿ ಇದ್ದದ್ದೇ ಇಲ್ಲ. ಎರಡು ಸಂಸ್ಥಾನಗಳಿಗೆ ಸೇರಿದ ಎರಡು ಅರ್ಧಗಳು ಪಾಠ, ಪೂಜೆ, ಪಾನ, ನಂಟಸ್ತನಗಳ ಬಲದಿಂದ ತಾವೇ ಒಂದು ಊರಾಗಿ ಬಾಳಿದ್ದುವು. ಆದುದರಿಂದ ಇಲ್ಲಿ ಗೋಡೆಯು ಮುರಿದದ್ದು ಯಾವ ಸರಕಾರವೂ ಕಟ್ಟಿಕೊಡದಿದ್ದ ಒಂದು ಐಕ್ಯವನ್ನು. ನೆಪೋಲಿಯನ್ನನ ಕಾಲದ ಕಲ್ಲಿಗೂ 1966ರ ಕಾಂಕ್ರೀಟಿಗೂ ಗೆರೆ ಒಂದೇ. ಆದರೆ ಮೊದಲನೆಯದು ಅರಸನಿಗೆ ಎಲ್ಲಿ ನಿಲ್ಲಬೇಕೆಂದು ಹೇಳುತ್ತಿದ್ದಿತು, ಎರಡನೆಯದು ಪ್ರಜೆಗೆ ಹೇಳಿತು.

ಬರ್ಲಿನ್ನಿನ ಗೋಡೆಯು 1989ರ ನವೆಂಬರ್ 9ರಂದು ತೆರೆಯಿತು. ಈ ಹಳ್ಳಿಯವರು ಮತ್ತೂ ಒಂದು ತಿಂಗಳು ಕಾಯಬೇಕಾಯಿತು. ಡಿಸೆಂಬರ್ 9ರಂದು ಕಾಲ್ನಡೆಯವರಿಗೆ ದಾರಿ ಬಿಟ್ಟರು. 1990ರ ಜೂನ್ 17ರಂದು ಯಂತ್ರವನ್ನು ತಂದು ಗೋಡೆಯ ಒಂದು ಭಾಗವನ್ನು ಕೆಡವಿದರು. 1953ರಲ್ಲಿ ಪೂರ್ವ ಜರ್ಮನಿಯ ಕಾರ್ಮಿಕರು ದಂಗೆಯೆದ್ದದ್ದೂ ಜೂನ್ 17ರಂದೇ. ಗೋಡೆಯನ್ನು ಪೂರ್ತಿಯಾಗಿ ತೆಗೆಯದೆ ಸುಮಾರು 100 ಮೀಟರಿನಷ್ಟನ್ನು ಸ್ಮಾರಕವಾಗಿ ಉಳಿಸಿಕೊಂಡು, ಅದನ್ನು ಸುತ್ತುವರಿದು ಒಂದು ವಸ್ತುಸಂಗ್ರಹಾಲಯವನ್ನು ಸ್ಥಾಪಿಸಿದ್ದಾರೆ. 2015ರಲ್ಲಿ ಜರ್ಮನ್ ದೂರದರ್ಶನದಲ್ಲಿ ಹಳ್ಳದ ಹೆಸರನ್ನೇ ಹೊತ್ತ ಕಥಾಮಾಲಿಕೆಯೊಂದು ಪ್ರಸಾರವಾಯಿತು.

1990ರ ಅಕ್ಟೋಬರ್ 3ರಂದು ಎರಡು ಜರ್ಮನಿಗಳು ಒಂದಾದರೂ ಎರಡು ಮ್ಯೋಡ್ಲಾರೊಯ್ಟುಗಳು ಒಂದಾಗಲಿಲ್ಲ. ಬವೇರಿಯಾದ ಭಾಗವು ಟ್ಯೋಪೆನ್ ಪಂಚಾಯತಿಗೆ ಸೇರಿದೆ, ತ್ಯೂರಿಂಗಿಯಾದ ಭಾಗವು ಗೆಫೆಲ್ ಪಟ್ಟಣಕ್ಕೆ. ಅಂಚೆಯ ಅಂಕೆ ಬೇರೆ, ದೂರವಾಣಿಯ ಅಂಕೆ ಬೇರೆ, ವಾಹನಗಳ ಫಲಕದ ಅಕ್ಷರಗಳು ಬೇರೆ, ಮಕ್ಕಳ ಶಾಲೆಯೂ ರಜೆಯೂ ಬೇರೆ. ಎದುರಾದಾಗ ಹೇಳುವ ನಮಸ್ಕಾರದ ಮಾತು ಕೂಡ ಬೇರೆ: ಬವೇರಿಯಾದ ದಡದಲ್ಲಿ ದೇವರ ಹೆಸರನ್ನು ಹಿಡಿದು ವಂದಿಸುವರು, ಆಚೆಯ ದಡದಲ್ಲಿ ದಿನವು ಶುಭವಾಗಲೆಂದು ಹರಸುವರು. ರೊಯ್ಸ್ ಸಂಸ್ಥಾನವು ಇಲ್ಲವಾಗಿ ನೂರು ವರ್ಷ ಕಳೆದರೂ ಹಳೆಯ ಎಲ್ಲೆಕಲ್ಲುಗಳು ಹಳ್ಳದ ಬದಿಯಲ್ಲಿ ಉಳಿದಿವೆ. ಅವುಗಳನ್ನು ಹಾದು ಜನರು ಹಗಲಿರುಳೆನ್ನದೆ ಅತ್ತಿಂದಿತ್ತ ನಡೆದಾಡುತ್ತಾರೆ.